ಹನಿ ಎಣಿಸುತ್ತಿದ್ದವರು

ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ನಮ್ಮ ದೌರ್ಬಲ್ಯವನ್ನು ನಾವೇ ಮುಂಚೆ ಒಪ್ಪಿಕೊಂಡುಬಿಟ್ಟರೆ ಎದುರು ಪಕ್ಷದವರ ಕೈಯಲ್ಲಿ ಕಲ್ಲು ಉಳಿಯುವುದಿಲ್ಲ ಎಂಬುದು ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಪಾಠ. ಚನ್ನರಾಯಪಟ್ಟಣದ ಹೈಸ್ಕೂಲಿನಿಂದ ಮೈಸೂರಿನ ಎಂ.ಎಸ್ಸಿ.ವರೆಗೆ ನಾನು ಗೆದ್ದ ಷೀಲ್ಡುಗಳು ನಮ್ಮ ಮನೆಯ ಷೋಕೇಸಿನಲ್ಲಿ ಎರಡು ಸಾಲು ತುಂಬಿವೆ. ಅವರೋ ಡಿಪ್ಲೊಮಾ ಓದಿದವರು, ಹಾಸನದ ನಮ್ಮ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್. ಎರಡು ಸಾವಿರದ ಇಸವಿಯ ಆಚೀಚೆ ನಾನು ಅಲ್ಲಿ ತಾತ್ಕಾಲಿಕ ಉಪನ್ಯಾಸಕನಾಗಿ ಸೇರಿದಾಗ ಅವರ ಕೂದಲು ಆಗಲೇ ಬೆಳ್ಳಗಾಗಿತ್ತು. ಹಳ್ಳಿಮೈಸೂರಿನ ಹತ್ತಿರದ ಊರಿನಿಂದ ಹೊರಟು, ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ, ದಿನಾ ಒಂಬತ್ತೂವರೆಗೆ ಲ್ಯಾಬಿನ ಬೀಗ ತೆಗೆಯುತ್ತಿದ್ದರು. ಅಂಥವರ ಮೇಲೆ ನನ್ನಂಥವನಿಗೆ ಕಿಚ್ಚು ಏಕೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ.

ಅವರ ಮೇಲೆ ನನಗೆ ಮೊದಲು ಸಿಟ್ಟು ಬಂದದ್ದು ಒಂದು ಮಾತಿನಿಂದ. ಯಾವ ವಾದ ಹೂಡಿದರೂ ಅವರದು ಒಂದೇ ಉತ್ತರ: ‘ಇರ್ಬೋದು ಸಾ.’

ರಾಹುಕಾಲದಲ್ಲಿ ಅವರು ಯಾವ ದ್ರಾವಣವನ್ನೂ ಕಲಸುತ್ತಿರಲಿಲ್ಲ. ನಾನು ಸುಮ್ಮನಿರುತ್ತೇನೆಯೇ? ರಾಹು ಎಂಬುದು ಗ್ರಹವೇ ಅಲ್ಲ, ಚಂದ್ರನ ದಾರಿ ಸೂರ್ಯನ ದಾರಿಯನ್ನು ಹಾಯುವ ಒಂದು ಬಿಂದು, ಬಿಂದುವಿಗೆ ಬೀಕರಿನೊಳಗಿನ ಆಲ್ಕೋಹಾಲಿನ ಮೇಲೆ ಏನು ದ್ವೇಷ ಎಂದು ಹತ್ತು ನಿಮಿಷ ಮಾತಾಡಿದೆ. ಅವರು ಪೂರ್ತಿ ಕೇಳಿದರು. ‘ಇರ್ಬೋದು ಸಾ’ ಅಂದರು. ಗಡಿಯಾರ ನೋಡಿದರು. ರಾಹುಕಾಲ ಮುಗಿದ ಮೇಲೆ ಎದ್ದು ಕಲಸಿದರು. ಅವರನ್ನು ಸೋಲಿಸುವುದು ಸಾಧ್ಯವಿರಲಿಲ್ಲ, ಏಕೆಂದರೆ ಅವರು ಕಣಕ್ಕೇ ಇಳಿಯುತ್ತಿರಲಿಲ್ಲ.

ನಮ್ಮ ಪ್ರೊಫೆಸರಿಗೆ ಆಗ ದೆಹಲಿಯಿಂದ ಒಂದು ಸಣ್ಣ ಯೋಜನೆ ಮಂಜೂರಾಗಿತ್ತು. ಪ್ರೊಫೆಸರು ಹೊಳೆನರಸೀಪುರದ ದೇವಸ್ಥಾನದ ಬೀದಿಯವರು, ಹಾಸನದಲ್ಲೇ ಪಾಠ ಹೇಳಿ ಹಣ್ಣಾದವರು. ಕೆಲಸ ಇಷ್ಟು: ಅಲ್ಯುಮಿನಿಯಂ ತಗಡನ್ನು ಆಮ್ಲದಲ್ಲಿಟ್ಟು ವಿದ್ಯುತ್ತು ಹಾಯಿಸಿದರೆ ಅದರ ಮೈಮೇಲೆ ಜೇನುಗೂಡಿನಂತೆ ಸೂಕ್ಷ್ಮ ರಂಧ್ರಗಳು ಏಳುತ್ತವೆ. ಆ ರಂಧ್ರಗಳೊಳಗೆ ಕಬ್ಬಿಣ ತುಂಬಿ, ಆಮೇಲೆ ಸುತ್ತಲಿನ ಗೋಡೆಯನ್ನು ಕರಗಿಸಿದರೆ ಕೂದಲಿಗಿಂತ ಸಾವಿರ ಪಾಲು ತೆಳ್ಳಗಿನ ಕಬ್ಬಿಣದ ತಂತಿಗಳು ಪೈರಿನ ಹಾಗೆ ನಿಲ್ಲುತ್ತವೆ. ಒಂದೊಂದೂ ಒಂದು ಅಯಸ್ಕಾಂತ. ಮಾಹಿತಿ ಕೂಡಿಡಲು, ರೋಗ ಹುಡುಕಲು ಮುಂದೆ ಇವು ಬೇಕಾಗುತ್ತವೆ ಎಂದು ಲೋಕವೆಲ್ಲ ಇವುಗಳ ಹಿಂದೆ ಬಿದ್ದಿತ್ತು. ತೊಂದರೆ ಒಂದೇ. ಗಾಳಿ ಸೋಕಿದರೆ ತುಕ್ಕು. ಬಾಗಿಲ ಚಿಲಕಕ್ಕೆ ತುಕ್ಕು ಹಿಡಿಯಲು ವರ್ಷ ಬೇಕು, ಇವುಗಳಿಗೆ ಒಂದು ಮಧ್ಯಾಹ್ನ ಸಾಕು. ಅದೂ ಹಾಸನದ ಸೋನೆ ಮಳೆಯ ಮಧ್ಯಾಹ್ನ. ಕಪ್ಪಗಿದ್ದ ತಗಡು ಕಂದಾಗುತ್ತದೆ, ಅಯಸ್ಕಾಂತ ಸಾಯುತ್ತದೆ.

ಆದ್ದರಿಂದ ಅವುಗಳಿಗೆ ಗಾಜಿನ ಜಾತಿಯ ಒಂದು ಹೊದಿಕೆ ಕೊಡಬೇಕು. ದಪ್ಪವಾದರೆ ತಂತಿಗಿಂತ ಹೊದಿಕೆಯೇ ಹೆಚ್ಚಾಗಿ ತಂತಿ ಕೆಲಸಕ್ಕೆ ಬಾರದು. ತೆಳ್ಳಗಾದರೆ ತೂತು ಬಿದ್ದು ಗಾಳಿ ನುಗ್ಗುತ್ತದೆ. ‘ಚಳಿಗೆ ಸ್ವೆಟರ್ ಹಾಕಯ್ಯಾ ಅಂದ್ರೆ ಹಾಸಿಗೇನೇ ಸುತ್ತಿ ತಂದಿದೀಯಲ್ಲೋ!’ ಎಂದು ಪ್ರೊಫೆಸರು ನನ್ನ ಮೊದಲ ತಗಡುಗಳನ್ನು ನೋಡಿ ನಕ್ಕಿದ್ದರು. ಈ ಕೆಲಸದಿಂದ ಒಂದು ಪ್ರಬಂಧ ಬಂದರೆ ನನ್ನ ಪಿಎಚ್.ಡಿ. ನೋಂದಣಿಗೆ ದಾರಿಯಾಗುತ್ತಿತ್ತು, ತಾತ್ಕಾಲಿಕ ಎಂಬ ಶಬ್ದ ನನ್ನ ಹೆಸರಿನ ಮುಂದಿನಿಂದ ಹೋಗುವ ಆಸೆಯೂ ಇತ್ತು. ಹಾಗಾಗಿ ಆರು ತಿಂಗಳು ಒದ್ದಾಡಿದೆ. ತಗಡನ್ನು ದ್ರಾವಣದಲ್ಲಿ ಅದ್ದಿ ನಿಧಾನವಾಗಿ ಮೇಲೆತ್ತಬೇಕು. ಎಷ್ಟು ನಿಧಾನವೋ ಹೊದಿಕೆ ಅಷ್ಟು ತೆಳು. ಹಳೆಯ ಟೇಪ್‌ರೆಕಾರ್ಡರಿನ ಮೋಟಾರು ಬಿಚ್ಚಿ, ದಾರ ಸುತ್ತಿ, ತಗಡನ್ನು ಎಳೆಸಿದೆ. ಮೋಟಾರು ತೊದಲುತ್ತಿತ್ತು. ಕೆಳಗಿನ ರಸ್ತೆಯಲ್ಲಿ ಅರಕಲಗೂಡಿನ ಬಸ್ಸು ಹೋದರೂ ತಗಡು ನಡುಗುತ್ತಿತ್ತು. ನನ್ನ ಹೊದಿಕೆ ಎಂದರೆ ಪಟ್ಟೆ ಪಟ್ಟೆ.

ಒಂದು ಸೋಮವಾರ ಬಂದು ನೋಡಿದರೆ ಕಿಟಕಿಯ ಪಕ್ಕದಲ್ಲಿ ಆಸ್ಪತ್ರೆಯ ಡ್ರಿಪ್ಪಿನ ಪೈಪು ನೇತಾಡುತ್ತಿದೆ. ತಗಡು ದ್ರಾವಣದೊಳಗೆ ಅಲುಗಾಡದೆ ತೂಗಿಕೊಂಡಿದೆ. ಪಾತ್ರೆಯ ತಳದಿಂದ ದ್ರಾವಣವೇ ಹನಿಹನಿಯಾಗಿ ಕೆಳಕ್ಕೆ ಇಳಿದುಹೋಗುತ್ತಿದೆ. ತಗಡನ್ನು ಎತ್ತುವ ಗೋಜೇ ಇಲ್ಲ, ನೀರು ಇಳಿದ ಕೆರೆಯಲ್ಲಿ ಮಂಟಪ ಕಾಣಿಸಿಕೊಂಡ ಹಾಗೆ ಅದು ತಾನಾಗಿ ಮೇಲೆ ಬರುತ್ತಿದೆ. ಎದುರಿಗೆ ಸ್ಟೂಲಿನ ಮೇಲೆ ಅವರು ಕೂತು ಹನಿ ಎಣಿಸುತ್ತಿದ್ದಾರೆ: ‘ಲಾಭ, ಎಲ್ಡು, ಮೂರು, ನಾಕು...’

ನಮ್ಮ ಕಡೆ ಕಣದಲ್ಲಿ ರಾಗಿ ಅಳೆಯುವವರು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ನನಗೆ ಮೈ ಉರಿಯಿತು.

‘ಏನ್ರೀ ಇದು, ಲ್ಯಾಬೋ ರಾಗಿ ಕಣವೋ?’

‘ಎಣಿಸಾದು ಎಲ್ಲಾದ್ರೂ ಎಣಿಸಾದೇ ಅಲ್ವಾ ಸಾ,’ ಅಂದರು, ಹನಿಯ ಮೇಲಿನ ಕಣ್ಣು ತೆಗೆಯದೆ. ‘ಮಾತಾಡ್ಸಿದ್ರಲ್ಲ, ಲೆಕ್ಕ ಓಯ್ತು. ಇರ್ಲಿ ಬುಡಿ.’

ಪ್ರೊಫೆಸರು ಬಂದವರೇ ಬಾಗಿಲಲ್ಲಿ ನಿಂತುಬಿಟ್ಟರು. ‘ಇದು ಯಾರ ತಲೇರೀ?’

‘ತಲೆ ಏನ್ ಬಂತು ಸಾ. ಅವ್ವನ್ನ ಓದ್ ತಿಂಗ್ಳು ಆಸ್ಪತ್ರೇಲಿ ಮಲಗ್ಸಿದ್ವಲ್ಲ, ಎಂಟ್ ದಿನ ಪಕ್ದಲ್ಲಿ ಕುಂತಿದ್ದೆ. ಮಾಡಾಕೆ ಏನೂ ಕೆಲ್ಸ ಇರ್ಲಿಲ್ಲ. ಆ ಬಾಟ್ಲೀನೇ ನೋಡ್ತಿದ್ದೆ. ಪೈಪಿನ್ ಗಾಲಿ ವಸಿ ತಿರುಗ್ಸುದ್ರೆ ಹನಿ ನಿಧಾನ ಆಯ್ತದೆ, ಬಾಟ್ಲಿ ಮಾತ್ರ ಅಲುಗಾಡಾಕಿಲ್ಲ. ನಮ್ ತಗಡ್ಗೂ ಇಂಗೇ ಮಾಡ್ಬೋದಲ್ಲ ಅನ್ನುಸ್ತು.’

ಅವರ ತಾಯಿ ಆ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಆ ಕ್ಷಣ ನನ್ನ ಮನಸ್ಸಿಗೆ ಬಂದದ್ದು, ಅಲ್ಲಿ ಕೂತಿದ್ದರೆ ಇದು ನನಗೂ ಹೊಳೆಯುತ್ತಿತ್ತೇ ಎಂಬ ಪ್ರಶ್ನೆ. ಹೊಳೆಯುತ್ತಿರಲಿಲ್ಲ. ನಾನು ಪಕ್ಕದ ಮಂಚದವರ ಜೊತೆ ರಾಜಕೀಯ ಮಾತಾಡುತ್ತಿದ್ದೆ.

ಅವರ ಕೈ ಒರಟು. ಹೆಬ್ಬೆರಳಿನ ಮೇಲೆ ಕುಡುಗೋಲಿನ ಹಳೆಯ ಗಾಯ. ಭಾನುವಾರವೆಲ್ಲ ಗದ್ದೆಯಲ್ಲಿ ಇರುತ್ತಿದ್ದವರು. ಆ ಕೈಯಲ್ಲಿ ಚಿಮುಟ ಹಿಡಿದು ಉಗುರಿನಷ್ಟು ತಗಡನ್ನು ಅಂಚಿನಲ್ಲಿ ಮಾತ್ರ ಮುಟ್ಟಿ ಎತ್ತುತ್ತಿದ್ದರು. ಬೆಳಿಗ್ಗೆ ಲ್ಯಾಬಿಗೆ ಬಂದೊಡನೆ ಕಿಟಕಿ ತೆಗೆದು ಒಮ್ಮೆ ಉಸಿರೆಳೆದು ‘ಇವತ್ ಬ್ಯಾಡ ಸಾ, ತ್ಯಾವ ಐತೆ’ ಎಂದರೆ ಮುಗಿಯಿತು. ನಾನು ಹಟ ಹಿಡಿದು ಅಂದೇ ಕಲಸಿದರೆ ದ್ರಾವಣ ಮಜ್ಜಿಗೆಯಂತೆ ಬೆಳ್ಳಗಾಗುತ್ತಿತ್ತು. ಅವರು ಆಗ ‘ನಾ ಅಂದಿರ್ಲಿಲ್ವಾ’ ಅನ್ನುತ್ತಿರಲಿಲ್ಲ. ಡಬ್ಬಿ ಬಿಚ್ಚಿ, ಅಕ್ಕಿರೊಟ್ಟಿಯ ಮೇಲೆ ಹುಚ್ಚೆಳ್ಳು ಚಟ್ನಿ ಹಚ್ಚಿ, ಅರ್ಧ ನನ್ನ ಕಡೆ ಸರಿಸುತ್ತಿದ್ದರು. ಅಷ್ಟು ಹೊಟ್ಟೆಕಿಚ್ಚಿನಲ್ಲೂ ನಾನು ಅದನ್ನು ತಿನ್ನುತ್ತಿದ್ದೆ. ಚಟ್ನಿ ಬಹಳ ಚೆನ್ನಾಗಿರುತ್ತಿತ್ತು.

ಇದೆಲ್ಲ ಕೈಚಳಕ, ತಿಳಿವಳಿಕೆಯಲ್ಲ ಎಂದು ನನಗೆ ನಾನೇ ವಾದಿಸಿಕೊಳ್ಳುತ್ತಿದ್ದೆ. ಆ ಸಮಾಧಾನವನ್ನೂ ಅವರು ಉಳಿಸಲಿಲ್ಲ. ಡ್ರಿಪ್ಪು ಹಾಕಿದ ಮೇಲೂ ತೆಳು ಹೊದಿಕೆಯಲ್ಲಿ ಅಲ್ಲಲ್ಲಿ ತೂತು ಬಿದ್ದು ತುಕ್ಕಿನ ಚುಕ್ಕೆ ಏಳುತ್ತಿತ್ತು. ಇನ್ನಷ್ಟು ದಪ್ಪ ಮಾಡೋಣ ಎಂದೆ ನಾನು. ಅವರು ತಲೆ ಆಡಿಸಿದರು.

‘ದಪ್ಪ ಬ್ಯಾಡ ಸಾ. ಈಗಿರಾದಕ್ಕಿಂತ್ಲೂ ತೆಳ್ಳಗೆ ಎಲ್ಡು ಸಲ ಬುಡಾಣ. ಮೊದಲ್ನೇದು ಒಣಗಿದ್ ಮ್ಯಾಲೆ ಎಲ್ಡನೇದು. ಇದ್ರಲ್ಲೂ ತೂತು ಬೀಳ್ತದೆ, ಅದ್ರಲ್ಲೂ ಬೀಳ್ತದೆ. ಆದ್ರೆ ಎಲ್ಡೂ ತೂತು ಒಂದೇ ಜಾಗ್ದಲ್ಲಿ ಬೀಳಾದು ಅಪ್ರೂಪ. ಕೊಟ್ಟಿಗೆಗೆ ಸೋಗೆ ಒದಿಸ್ವಾಗ ಅಂಗೇ ಅಲ್ವಾ, ಗರಿ ಮ್ಯಾಲೆ ಗರಿ ಜಾರ್ಸಿ ಇಡಾದು?’

ನಾನು ಓದಿದ ಯಾವ ಪಾಠದಲ್ಲೂ ಇದನ್ನು ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ಎರಡು ಪದರದ ಆ ತಗಡು ವಾರ ಕಳೆದರೂ ಕಪ್ಪಗೇ ಇತ್ತು. ದಾರದಲ್ಲಿ ತೂಗಿಬಿಟ್ಟು ಅಯಸ್ಕಾಂತ ಹಿಡಿದರೆ ಮೊದಲ ದಿನದಷ್ಟೇ ವಾಲುತ್ತಿತ್ತು. ಪ್ರೊಫೆಸರಿಗೆ ಸಂಭ್ರಮ. ‘ದಸರಾ ರಜ ಮುಗೀಲಿ, ಇದನ್ನ ಅಳತೆಗೆ ಬೆಂಗಳೂರಿಗೆ ಕಳಿಸೋಣ. ಪ್ರಬಂಧದಲ್ಲಿ ಮೂರು ಹೆಸರು. ಇವರದ್ದೇ ಮೊದಲು ಇರ್ಬೇಕು ಅನ್ಸುತ್ತೆ ಕಣಯ್ಯಾ ನಂಗೆ.’

ಇನ್ನು ನಾನು ಮಾಡಿದ್ದನ್ನು ಹೇಳಬೇಕು.

ನಮ್ಮ ಲ್ಯಾಬಿನಲ್ಲಿ ಆಯುಧಪೂಜೆ ಅವರದೇ ಕಾರುಬಾರು. ವೋಲ್ಟ್‌ಮೀಟರು, ಸೂಕ್ಷ್ಮದರ್ಶಕ, ಹಳೆಯ ತಕ್ಕಡಿ ಎಲ್ಲವನ್ನೂ ಒರೆಸಿ ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದರು. ಅರಿಶಿನ, ಕುಂಕುಮ, ಚೆಂಡುಹೂವು, ಪುರಿ, ಕಡಲೆ. ಕೊನೆಗೆ ಕಳಶದ ನೀರು ಚಿಮುಕಿಸಿ, ನಿಂಬೆಹಣ್ಣು ಕೊಯ್ದು, ಕುಂಕುಮ ಹಚ್ಚಿ ಎಲ್ಲದರ ಮೇಲೂ ಹಿಂಡುವುದು. ನಾನು ನಾಸ್ತಿಕ, ಪ್ರತಿವರ್ಷ ಆ ದಿನ ತಪ್ಪಿಸಿಕೊಳ್ಳುತ್ತಿದ್ದೆ. ಆ ವರ್ಷ ಉಳಿದವರಿಗಿಂತ ಮೊದಲು ಹೋದೆ. ಅವರು ಸಾಲು ಜೋಡಿಸಿಟ್ಟು ಕಳಶದ ನೀರಿಗೆ ಹೋಗಿದ್ದರು. ಕಪಾಟಿನ ಬೀಗ ತೆಗೆದು, ತೇವ ತಾಗದ ಹಾಗೆ ಗಾಜಿನ ಜಾಡಿಯಲ್ಲಿ ಅವರು ಮುಚ್ಚಿಟ್ಟಿದ್ದ ಬಟ್ಟಲನ್ನು ತೆಗೆದೆ. ಅದರಲ್ಲಿ ಎರಡು ತಗಡು: ಒಂದು ಅವರ ಹೊದಿಕೆಯದು, ಇನ್ನೊಂದು ಹೋಲಿಕೆಗೆಂದು ಇಟ್ಟ ಬರಿ ತಂತಿಯದು. ಬಟ್ಟಲನ್ನು ಪೂಜೆಯ ಸಾಲಿನ ನಡುವೆ ಇಟ್ಟೆ. ಕಾಣದಿರಲೆಂದು ಮೇಲೊಂದು ಚೆಂಡುಹೂವನ್ನೂ ಇಟ್ಟೆ. ನನ್ನ ಜೀವಮಾನದಲ್ಲಿ ನಾನಾಗಿ ಏರಿಸಿದ ಹೂವು ಅದೊಂದೇ.

ಲೆಕ್ಕಾಚಾರ ಸರಳ. ಅವರ ತಗಡು ಅವರ ಪೂಜೆಯಿಂದಲೇ ಹಾಳಾಗಬೇಕು. ಆಮೇಲೆ ಲ್ಯಾಬಿನಲ್ಲಿ ಮೂಢನಂಬಿಕೆ ಎಂಬ ವಿಷಯದ ಮೇಲೆ ನಾನು ಮಾತಾಡಬಹುದು.

ಅವರು ಅರೆಗಣ್ಣು ಮುಚ್ಚಿ ಏನೋ ಗುನುಗುತ್ತ ನೀರು ಚಿಮುಕಿಸಿದರು, ನಿಂಬೆಹಣ್ಣು ಹಿಂಡಿದರು. ಹನಿಗಳು ಹೂವಿನ ದಳದಿಂದ ಬಟ್ಟಲೊಳಗೆ ಇಳಿಯುವುದನ್ನು ನಾನು ನಿಂತು ನೋಡಿದೆ. ‘ತಗಳಿ ಸಾ, ಈ ವರ್ಸನಾದ್ರೂ ಬಂದ್ರಲ್ಲ,’ ಎಂದು ಸಂತೋಷದಿಂದ ನನ್ನ ಕೈತುಂಬ ಪುರಿ ಹಾಕಿದರು. ಲ್ಯಾಬಿಗೆ ಬೀಗ ಬಿತ್ತು. ರಜ.

ಬಾಗಿಲು ತೆಗೆದ ದಿನ ಕೊಳೆತ ಹೂವಿನ ವಾಸನೆ ಹೊಡೆಯಿತು. ಬಟ್ಟಲು ಕಂಡದ್ದು ಪ್ರೊಫೆಸರಿಗೆ. ಬರಿ ತಂತಿಯ ತಗಡು ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗಿತ್ತು.

‘ಇದನ್ನ ಇಲ್ಲಿಟ್ಟೋರು ಯಾರ್ರೀ?’ ಪ್ರೊಫೆಸರು ಕೂಗಿದರು. ‘ಎರಡು ವರ್ಷದ ಕೆಲಸ ಕಣ್ರೀ ಇದು! ಯಾರು?’

ಜಾಡಿಯ ಕಪಾಟಿಗೆ ಎರಡೇ ಬೀಗದ ಕೈ, ಒಂದು ಅವರಲ್ಲಿ, ಒಂದು ನನ್ನಲ್ಲಿ. ಅವರು ಬಟ್ಟಲನ್ನು ನೋಡಿದರು. ಒಂದು ಸಲ ನನ್ನನ್ನು ನೋಡಿದರು. ಒಂದೇ ಸಲ.

‘ನಾನೇ ಸಾ. ಒರೆಸ್ವಾಗ ತಗ್ದಿದ್ದೆ, ಮರ್ತು ಅಲ್ಲೇ ಇಟ್ಬುಟ್ಟೆ ಅಂತ ಕಾಣ್ತದೆ.’

ಯಾವುದನ್ನೂ ಮರೆಯದ ಮನುಷ್ಯ. ನನ್ನ ತಪ್ಪನ್ನೂ ನನ್ನ ಕೈಯಿಂದ ಕಿತ್ತುಕೊಂಡರು. ಆ ಗಳಿಗೆಯಲ್ಲಿ ನನಗೆ ನಾಚಿಕೆಯಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜವಾಗಿ ಆದದ್ದು ಮತ್ಸರ, ಇಷ್ಟು ಸಲೀಸಾಗಿ ದೊಡ್ಡವರಾಗಲು ಇವರಿಗೆ ಹೇಗೆ ಬರುತ್ತದೆ ಎಂದು.

ಅವರು ಇನ್ನೊಂದು ತಗಡನ್ನು ಚಿಮುಟದಿಂದ ಎತ್ತಿ, ಮೆತ್ತಿದ ಕುಂಕುಮವನ್ನು ಆಲ್ಕೋಹಾಲಿನಲ್ಲಿ ತೊಳೆದು, ಬೆಳಕಿಗೆ ಹಿಡಿದರು. ಕಪ್ಪಗಿತ್ತು. ಕಾಡಿಗೆಯಷ್ಟು ಕಪ್ಪಗೆ. ಬೆಂಗಳೂರಿನ ಅಳತೆಯೂ ಅದನ್ನೇ ಹೇಳಿತು: ಅಯಸ್ಕಾಂತ ಹೆಚ್ಚೂಕಮ್ಮಿ ಹಾಗೇ ಇದೆ. ನಾನು ಕೊಡಿಸಿದ ನಿಂಬೆರಸದ ಅಭಿಷೇಕವೇ ನಮ್ಮ ಪ್ರಬಂಧದ ಗಟ್ಟಿ ಪುರಾವೆಯಾಯಿತು. ದುರ್ಬಲ ಆಮ್ಲ ಮತ್ತು ತೇವದಲ್ಲಿ ಹಲವು ದಿನ ಎಂದು ಅದನ್ನು ಇಂಗ್ಲಿಷಿನಲ್ಲಿ ಬರೆದವನು ನಾನೇ.

ಹೆಸರಿನ ಮಾತು ಬಂತು. ಪ್ರೊಫೆಸರ ಕೋಣೆಯಲ್ಲಿ ನಾನು ಅರ್ಧ ಗಂಟೆ ಮಾತಾಡಿದೆ. ನಾನು ಗೆದ್ದ ಚರ್ಚೆಗಳಲ್ಲೆಲ್ಲ ಅದೇ ಉತ್ತಮವಾದದ್ದು. ಮಾಡುವುದು ಬೇರೆ, ಏಕೆ ಹಾಗಾಗುತ್ತದೆಂದು ತಿಳಿಯುವುದು ಬೇರೆ ಎಂದೆ. ಕೈಕೆಲಸಕ್ಕೆ ಹೆಸರು ಕೊಡುವುದಾದರೆ ತಗಡು ಕತ್ತರಿಸಿಕೊಟ್ಟ ಅಂಗಡಿಯವನಿಗೂ ಕೊಡಬೇಕಾಗುತ್ತದೆ ಎಂದೆ. ಇನ್‌ಸ್ಟ್ರಕ್ಟರುಗಳ ಹೆಸರನ್ನು ಕೃತಜ್ಞತೆಯಲ್ಲಿ ಹೇಳುವುದೇ ರೂಢಿ, ರೂಢಿ ಮುರಿದರೆ ಪತ್ರಿಕೆಯವರು ನಮ್ಮನ್ನೇ ಹಗುರಾಗಿ ನೋಡುತ್ತಾರೆ ಎಂದೆ. ಸೋಗೆಯ ಮಾತು ಪ್ರೊಫೆಸರಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

‘ಆಯ್ತಪ್ಪಾ, ನಿನ್ ಹತ್ರ ಯಾರು ಮಾತಾಡ್ತಾರೆ. ನೀನೇ ಗೆದ್ದೆ, ಹೋಗು,’ ಎಂದು ಪ್ರೊಫೆಸರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

ಪಕ್ಕದ ಕೋಣೆಯಲ್ಲಿ ಅವರು ಬೀಕರು ತೊಳೆಯುತ್ತಿದ್ದರು. ಮಧ್ಯೆ ಇದ್ದದ್ದು ಹಲಗೆಯ ಗೋಡೆ. ಟೀ ಕುಡಿಯುವಾಗ, ‘ಚೆನ್ನಾಗ್ ಮಾತಾಡಿದ್ರಿ ಸಾ,’ ಅಂದರು. ಕೊಂಕು ಹುಡುಕಿದೆ. ಇರಲಿಲ್ಲ. ಒಳ್ಳೆಯ ಉಳುಮೆ ಕಂಡವರು ಹೇಳುವ ಹಾಗೆ ಹೇಳಿದ್ದರು.

ಪ್ರಬಂಧ ಅಚ್ಚಾಗಿ ಬಂದ ದಿನ ಒಂದು ಪ್ರತಿಯನ್ನು ಅವರಿಗೆ ಕೊಟ್ಟೆ. ಬೆರಳಿಟ್ಟು ಸಾಲುಸಾಲಾಗಿ ಓದಿದರು. ಕೊನೆಯಲ್ಲಿ ಕೃತಜ್ಞತೆಯ ಜಾಗಕ್ಕೆ ಬಂದು ತಮ್ಮ ಹೆಸರನ್ನು ದಾಟಿ, ಮತ್ತೆ ಹಿಂದಿನ ಪುಟಕ್ಕೆ ಹೋದರು.

‘ಡ್ರಿಪ್ಪಿನ ಇಸ್ಯ ಎಲ್ಲೂ ಬರ್ದಿಲ್ವಲ್ಲ ಸಾ?’

‘ನಿಯಂತ್ರಿತ ವೇಗದಲ್ಲಿ ಅಂತ ಬರೆದಿದೀನಲ್ರೀ.’

‘ಅಷ್ಟೇ ಬರುದ್ರೆ ಬ್ಯಾರೇರು ಎಂಗ್ ಸಾ ಮಾಡ್ತಾರೆ?’

ಅಷ್ಟು ವರ್ಷದಲ್ಲಿ ಅವರು ನನಗೆ ಹಾಕಿದ ಪ್ರಶ್ನೆ ಇದೊಂದೇ. ಡ್ರಿಪ್ಪು ಎಂದು ಬರೆದರೆ ಅದು ಯಾರದು ಎಂದು ಯಾರಾದರೂ ಕೇಳಿಯಾರೆಂದು ನಾನು ಬಿಟ್ಟಿದ್ದೆ. ‘ಮಾಡೋರು ಮಾಡ್ಕೋತಾರೆ ಬಿಡಿ’ ಅಂದೆ. ಅವರು ಈ ಸಲ ‘ಇರ್ಬೋದು ಸಾ’ ಅನ್ನಲಿಲ್ಲ. ಪ್ರತಿಯನ್ನು ಮಡಿಸಿ ಊಟದ ಚೀಲದಲ್ಲಿ ಇಟ್ಟುಕೊಂಡರು.

ಅವರು ನಿವೃತ್ತರಾಗಿ ಎರಡು ವರ್ಷಕ್ಕೆ ಒಂದು ಪತ್ರ ಬಂತು. ಉತ್ತರ ಭಾರತದ ಒಂದು ಲ್ಯಾಬಿನವರು ವಿನಯದಿಂದ ಬರೆದಿದ್ದರು: ನಿಮ್ಮ ವಿಧಾನ ನಮಗೆ ಎಷ್ಟು ಮಾಡಿದರೂ ಬರುತ್ತಿಲ್ಲ, ಹೊದಿಕೆ ಪಟ್ಟೆ ಪಟ್ಟೆಯಾಗುತ್ತಿದೆ, ವಿವರ ತಿಳಿಸುವಿರಾ? ನಾನೇ ತಿಳಿಸಿಬಿಡೋಣವೆಂದು ಡ್ರಿಪ್ಪು ಕಟ್ಟಿ ಕೂತೆ. ವಾರವಾದರೂ ಆಗಲಿಲ್ಲ. ಹನಿಯ ಲೆಕ್ಕ ನನಗೆ ಗೊತ್ತಿರಲಿಲ್ಲ, ನಾನು ಎಂದೂ ಕೇಳಿರಲಿಲ್ಲ. ಕೊನೆಗೆ ಬಸ್ಸು ಹತ್ತಿದೆ.

ಗದ್ದೆಯ ಬದುವಿನ ಮೇಲೆ ಸಿಕ್ಕಿದರು. ‘ಅಯ್ಯೋ, ಸಾ ಬಂದ್ಬುಟ್ರಲ್ಲ!’ ಎಂದು ಕೆಸರು ಕೈಯನ್ನು ಪಂಚೆಗೆ ಒರೆಸಿಕೊಂಡರು. ಮನೆಯ ಜಗಲಿಯಲ್ಲಿ ಕೂತು ಪತ್ರ ಓದಿಸಿಕೊಂಡರು. ಎಷ್ಟು ಎತ್ತರಕ್ಕೆ ಪೈಪು, ನಿಮಿಷಕ್ಕೆ ಎಷ್ಟು ಹನಿ, ಎರಡನೆಯ ಪದರಕ್ಕೆ ಎಷ್ಟು ಕಡಿಮೆ, ಎಂಥ ದಿನ ಮಾಡಬಾರದು, ಎಲ್ಲ ಬಾಯಲ್ಲೇ ಇತ್ತು. ಅವರು ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದೆ. ಬರೆದು ಮುಗಿಸಿ ಕಾಗದದ ಕೊನೆಯಲ್ಲಿ, ಸಹಿಯ ಜಾಗದಲ್ಲಿ, ನನ್ನ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಪೆನ್ನನ್ನು ಅವರ ಕೈಗೆ ಕೊಟ್ಟೆ. ಅವರು ಅದರಲ್ಲಿ ವಿಶೇಷವೇನನ್ನೂ ಕಾಣದೆ, ನಿಧಾನವಾಗಿ, ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಆ ಲ್ಯಾಬಿನ ಉತ್ತರ ಬರುವ ಹೊತ್ತಿಗೆ ಅವರು ತೀರಿಕೊಂಡು ತಿಂಗಳಾಗಿತ್ತು. ಲಕೋಟೆಯ ಮೇಲೆ ಅವರ ಹೆಸರು, ಹೆಸರಿನ ಮುಂದೆ ಪ್ರೊಫೆಸರ್ ಎಂಬ ಬಿರುದು, ವಿಳಾಸ ನಮ್ಮ ಕಾಲೇಜಿನದು. ಒಡೆದು ಓದಿದೆ. ನೀವು ಹೇಳಿದಂತೆ ಮಾಡಿದೆವು, ಆಯಿತು. ನಾವು ಬರೆಯುತ್ತಿರುವ ಪ್ರಬಂಧದಲ್ಲಿ ನಿಮ್ಮ ಹೆಸರನ್ನು ನಮ್ಮ ಹೆಸರುಗಳ ಜೊತೆಗೆ ಸೇರಿಸಲು ಒಪ್ಪಿಗೆ ಬೇಕು ಎಂದಿತ್ತು. ಸತ್ತವರ ಪರವಾಗಿ ಒಪ್ಪಬೇಕಾದವರು ಮನೆಯವರು. ಮತ್ತೆ ಅದೇ ಜಗಲಿಗೆ ಹೋದೆ.

ಅವರ ಹೆಂಡತಿ ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, ಮೊರ ಪಕ್ಕಕ್ಕಿಟ್ಟು, ‘ಎಸ್ರಾಕುದ್ರೆ ಏನಾಯ್ತದಪ್ಪ?’ ಎಂದರು.

ಆ ಹೆಸರನ್ನು ಹಾಕಬಾರದೆಂದು ಅರ್ಧ ಗಂಟೆ ವಾದಿಸಿದ್ದವನು ನಾನು. ‘ಏನೂ ಆಗಲ್ಲ ಅಮ್ಮ. ಇರುತ್ತೆ, ಅಷ್ಟೆ.’

‘ಅಂಗಾರೆ ಆಕ್ಲಿ ಬುಡು,’ ಎಂದು, ನಾನು ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದರು. ಆಮೇಲೆ ಏನೋ ಹೊಳೆದವರಂತೆ ನನ್ನ ಮುಖ ನೋಡಿದರು. ‘ನಿನ್ನೆಸ್ರೂ ಐತಾ ಅದ್ರಲ್ಲಿ?’

‘ಇಲ್ಲ ಅಮ್ಮ.’

‘ಅಯ್ಯೋ ಪಾಪ. ನೀನೂ ಬೋ ಕಷ್ಟಪಟ್ಟಿದ್ದೆ ಅಂತ ನಮ್ಮೆಜಮಾನ್ರು ಯೋಳೋರು. ನಿನ್ನೆಸ್ರೂ ಸೇರುಸ್ರಪ್ಪಾ ಅಂತ ಒಂದ್ ಮಾತು ಬರ್ದಾಕು. ನಾ ಇನ್ನೊಂದ್ಸಲ ಹೆಬ್ಬೆಟ್ಟು ಒತ್ತುತೀನಿ.’

ಮಸಿಯ ಡಬ್ಬಿ ಇನ್ನೂ ತೆರೆದೇ ಇತ್ತು. ಅವರು ನಿಜವಾಗಿಯೂ ಬೆರಳು ಮುಂದೆ ಚಾಚಿದ್ದರು.

‘ಬೇಡ ಅಮ್ಮ,’ ಎಂದೆ.